ರಿಮೋಟ್ ನಮ್ಮ ಕೈಯಲ್ಲಿ, ಲೆಕ್ಕ ಯಾರ ಹತ್ತಿರ?

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮ್ಮಂಥವರ ನೋಟ್ಸ್‌ನಲ್ಲಿ ಕೆಲವು ಇಂಗ್ಲಿಷ್ ಪದಗಳು ಕಾಯಂ ಜಾಗ ಹಿಡಿದಿವೆ. ಸ್ವಿಚ್, ಡಯಲ್, ರಿಮೋಟ್ ಕಂಟ್ರೋಲ್, ಟೆಲಿಕಮಾಂಡ್, ಟೆಲಿಮೆಟ್ರಿ. ವ್ಯಾಖ್ಯೆ ಬಾಯಿಪಾಠ ಮಾಡುತ್ತೇವೆ, ಪರೀಕ್ಷೆ ಮುಗಿದ ಸಂಜೆಗೇ ಮರೆಯುತ್ತೇವೆ. ಕನ್ನಡ ಮಾಧ್ಯಮದಿಂದ ಬಂದವರಿಗಂತೂ ಇವು ದೊಡ್ಡವರ ಮನೆಯ ಪದಗಳೆಂಬ ಅಂಜಿಕೆ. ಆದರೆ ಬಿಡಿಸಿ ನೋಡಿದರೆ ಇವುಗಳ ಒಳಗಿರುವುದು ಕುದುರೆ, ಬಿಸಿಲು, ಲೆಕ್ಕದ ಪುಸ್ತಕ ಅಷ್ಟೇ.

ಸ್ವಿಚ್ ಎಂದರೆ ಮೊದಲು ಕುದುರೆ ಓಡಿಸುವ ಬಳುಕುವ ತೆಳು ಕೋಲು. ಆಮೇಲೆ ಆ ಹೆಸರು ರೈಲು ಹಳಿ ಬದಲಿಸುವ ಸಾಧನಕ್ಕೆ ಬಂತು, ಕೊನೆಗೆ ಗೋಡೆಯ ಗುಂಡಿಗೆ. ಡಯಲ್ ಹುಟ್ಟಿದ್ದು ಲ್ಯಾಟಿನ್‌ನಲ್ಲಿ 'ದಿನ' ಎಂಬರ್ಥದ ಮಾತಿನಿಂದ. ಮೊದಲು ಅದು ನೆರಳು ನೋಡಿ ಹೊತ್ತು ಹೇಳುವ ಬಿಸಿಲು ಗಡಿಯಾರದ ಹೆಸರು. ತಿರುಗುವ ಚಕ್ರದ ಫೋನು ಹೋಗಿ ಕಾಲವಾಯಿತು, ನಾವು ಇನ್ನೂ ನಂಬರ್ ಡಯಲ್ ಮಾಡುತ್ತಲೇ ಇದ್ದೇವೆ.

ರಿಮೋಟ್ ಎಂಬುದರ ಮೂಲ ಅರ್ಥ 'ದೂರ ಸರಿಸಿದ್ದು'. ನಮ್ಮ ವಸ್ತಾರೆ, ಮೂಡಿಗೆರೆ, ಕಳಸ ಕಡೆಯವರಿಗೆ ಈ ಪದ ಟಿ.ವಿ.ಗಿಂತ ಬೇರೆ ಕಾರಣಕ್ಕೆ ಪರಿಚಿತ. ಟವರ್ ಕೇಳಿದರೂ, ಬಸ್ ಕೇಳಿದರೂ 'ನಿಮ್ಮದು ರಿಮೋಟ್ ಏರಿಯಾ' ಎಂಬ ಉತ್ತರ ಸಿಗುತ್ತದೆ. ಯಾರಿಂದ ದೂರ ಎಂದು ಯಾರೂ ಹೇಳುವುದಿಲ್ಲ.

ಕಂಟ್ರೋಲ್ ಇನ್ನೂ ಸ್ವಾರಸ್ಯದ್ದು. ಹಳೆಯ ಫ್ರೆಂಚ್ ಮೂಲದಲ್ಲಿ ಅದು 'ಎದುರು ಸುರುಳಿ'. ಒಬ್ಬರು ಬರೆದ ಲೆಕ್ಕಕ್ಕೆ ಇನ್ನೊಬ್ಬರ ಹತ್ತಿರ ಒಂದು ಪ್ರತಿ ಇರಬೇಕು, ಎರಡನ್ನೂ ತಾಳೆ ನೋಡಬೇಕು. ಆ ತಾಳೆ ನೋಡುವ ಕೆಲಸವೇ ಕಂಟ್ರೋಲ್. ನಮ್ಮ ಅಜ್ಜಿಯಂದಿರು ರೇಷನ್ ಅಂಗಡಿಗೆ 'ಕಂಟ್ರೋಲ್ ಅಂಗಡಿ' ಎನ್ನುತ್ತಿದ್ದರಲ್ಲ, ಅಲ್ಲೂ ನಡೆಯುತ್ತಿದ್ದದ್ದು ಇದೇ. ಕಾರ್ಡಿನಲ್ಲೊಂದು ಲೆಕ್ಕ, ಅಂಗಡಿಯ ಪುಸ್ತಕದಲ್ಲೊಂದು ಲೆಕ್ಕ. ಹುಕುಂ ಕೊಡುವುದು ಎಂಬ ಅರ್ಥ ಆಮೇಲೆ ಅಂಟಿಕೊಂಡಿದ್ದು.

ಆಮೇಲೆ ಅಂಟಿದ ಅರ್ಥವೇ ಈಗ ಮೂಲವನ್ನು ನುಂಗಿದೆ. 1898ರಲ್ಲಿ ನಿಕೋಲ ಟೆಸ್ಲಾ ನ್ಯೂಯಾರ್ಕಿನಲ್ಲಿ ಪುಟ್ಟ ದೋಣಿಯೊಂದನ್ನು ತಂತಿಯಿಲ್ಲದೆ ನಡೆಸಿ ತೋರಿಸಿದರು. 1950ರಲ್ಲಿ ಜೆನಿತ್ ಕಂಪನಿ ಉದ್ದ ತಂತಿಯ ಟಿ.ವಿ. ರಿಮೋಟ್ ತಂದು ಅದಕ್ಕೆ 'ಲೇಜಿ ಬೋನ್ಸ್' ಎಂದು ಹೆಸರಿಟ್ಟಿತು, ಅಂದರೆ ಸೋಮಾರಿ! ಅದೇ ಕಂಪನಿಯ 1956ರ ರಿಮೋಟ್‌ಗೆ ಬ್ಯಾಟರಿಯೇ ಇರಲಿಲ್ಲ. ಗುಂಡಿ ಒತ್ತಿದರೆ ಒಳಗಿನ ಪುಟ್ಟ ಸುತ್ತಿಗೆ ಅಲ್ಯೂಮಿನಿಯಂ ಸರಳಿಗೆ ಬಡಿದು, ಕಿವಿಗೆ ಕೇಳಿಸದ ಸದ್ದು ಟಿ.ವಿ.ಗೆ ತಲುಪುತ್ತಿತ್ತು. ಗುಂಡಿಯ 'ಕ್ಲಿಕ್' ಸದ್ದಿನಿಂದ ಅಮೆರಿಕದವರು ರಿಮೋಟನ್ನು ಕ್ಲಿಕ್ಕರ್ ಎಂದು ಕರೆದರು. ಒತ್ತಿದರೆ ಸಾಕು, ಕೆಲಸ ಆಯಿತು ಎಂಬ ನಂಬಿಕೆ ಬೆಳೆದದ್ದು ಹೀಗೆ.

ಆ ನಂಬಿಕೆ ಈಗ ಕಾಫಿ ತೋಟಕ್ಕೂ ಬಂದಿದೆ. ಫೆಬ್ರುವರಿ, ಮಾರ್ಚ್‌ನಲ್ಲಿ ಹೂಮಳೆ ಕೈಕೊಟ್ಟರೆ ರೊಬಸ್ಟಾಗೆ ಸ್ಪ್ರಿಂಕ್ಲರ್ ಹಾಕಬೇಕು. ತ್ರೀಫೇಸ್ ಕರೆಂಟು ಅಪರಾತ್ರಿಯಲ್ಲಿ ಬಂದರೆ ಕೆರೆ ದಂಡೆಯ ಮೋಟಾರಿಗೆ ಕತ್ತಲಲ್ಲಿ ನಡೆದು ಹೋಗಬೇಕು, ಅದೂ ಆನೆ ಓಡಾಡುವ ಊರಿನಲ್ಲಿ. ಹಾಗಾಗಿ ಸಿಮ್ ಹಾಕಿದ ಮೊಬೈಲ್ ಸ್ಟಾರ್ಟರ್ ದೊಡ್ಡ ಉಪಕಾರವೇ. ಮಗ ಬೆಂಗಳೂರಿನ ಪಿ.ಜಿ.ಯಲ್ಲಿ ಕೂತು ಫೋನ್ ಮಾಡಿದರೂ ಮೋಟಾರ್ ತಿರುಗುತ್ತದೆ. ಆದರೆ ಪೈಪ್ ಕಳಚಿಕೊಂಡು ನೀರೆಲ್ಲ ಹಳ್ಳಕ್ಕೆ ಹೋಗುತ್ತಿದೆಯೇ, ಜೆಟ್ ಸುತ್ತುತ್ತಿದೆಯೇ ಎಂದು ನೋಡಿ ಹೇಳುವವರು ಅಪ್ಪ, ಇಲ್ಲವೇ ಲೈನ್‌ನಿಂದ ಎದ್ದು ಬರುವ ಕಾರ್ಮಿಕರು. ಎದುರು ಲೆಕ್ಕ ಅವರ ಹತ್ತಿರವಿದೆ. ಪದದ ಮೂಲ ಅರ್ಥ ಹಿಡಿದರೆ ನಿಜವಾದ ಕಂಟ್ರೋಲ್ ಅವರದ್ದೇ.

ನಮ್ಮ ಪಕ್ಕದ ಹಾಸನದಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಿಂದ ಇದೆ. ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹಗಳನ್ನು ಅಲ್ಲಿಂದ ನಿಭಾಯಿಸುತ್ತಾರೆ. ಅಲ್ಲಿ ಎರಡು ಪದ ಜೋಡಿಯಾಗಿ ಬದುಕುತ್ತವೆ. ಟೆಲಿಕಮಾಂಡ್ ಎಂದರೆ ದೂರಕ್ಕೆ ಕಳಿಸುವ ಆಜ್ಞೆ, ಟೆಲಿಮೆಟ್ರಿ ಎಂದರೆ ದೂರದಿಂದ ಬರುವ ಅಳತೆ. ಉಪಗ್ರಹದ ಬಿಸಿ ಎಷ್ಟು, ಬ್ಯಾಟರಿ ಹೇಗಿದೆ, ಹೇಳಿದ ಕೆಲಸ ಆಯಿತೇ ಎಂಬ ವರದಿ ವಾಪಸ್ ಬರಬೇಕು. ಬರೀ ಆಜ್ಞೆ ಕಳಿಸಿ ಎದ್ದು ಹೋದರೆ ಅದು ನಿಯಂತ್ರಣವಲ್ಲ. ಆಕಾಶಕ್ಕೆ ಸಲ್ಲುವ ಈ ನಿಯಮ ಕೆರೆ ದಂಡೆಗೂ ಸಲ್ಲುತ್ತದೆ.

ಗೆಳೆಯರೇ, ಇದರಿಂದ ನಮಗೇನು ಲಾಭ? ಒಂದು, ಪದದ ಬೇರು ಗೊತ್ತಿದ್ದರೆ ಸಂದರ್ಶನದಲ್ಲಿ ನಾಲಿಗೆ ತಡವರಿಸುವುದಿಲ್ಲ. 'ಟೆಲಿ' ಎಂದರೆ ಗ್ರೀಕಿನಲ್ಲಿ ದೂರ ಎಂದು ತಿಳಿದವರಿಗೆ ಹತ್ತು ಪದ ಒಟ್ಟಿಗೆ ಬಿಡಿಸಿಕೊಳ್ಳುತ್ತವೆ. ಇನ್ನೊಂದು ಅದಕ್ಕಿಂತ ಮುಖ್ಯ. ನಮ್ಮಲ್ಲಿ ಹಲವರು ನಾಳೆ ಯಾವುದೋ ಕಂಟ್ರೋಲ್ ರೂಮಿನ ಗುಂಡಿಗಳ ಮುಂದೆ ಕೂರುವವರು. ಮನೆಯ ಸಿ.ಸಿ. ಕ್ಯಾಮೆರಾ, ಪಂಪು, ಅಪ್ಪ ಅಮ್ಮನ ಔಷಧಿ ಎಲ್ಲವನ್ನೂ ಫೋನಿನಲ್ಲೇ ನಡೆಸುವವರು. ಗುಂಡಿ ಒತ್ತಿದ ಮೇಲೆ ಆ ತುದಿಯಲ್ಲಿ ಏನಾಯಿತು ಎಂದು ಕೇಳುವುದು ಸೌಜನ್ಯಕ್ಕಾಗಿ ಅಲ್ಲ. ಆ ಪದದೊಳಗೇ ಇರುವ ಅರ್ಧ ಕೆಲಸ ಅದು.