ನಡುವಯಸ್ಸಿನ ಅಕ್ಷರಾಭ್ಯಾಸ

ರಾಜ್ಯೋತ್ಸವದ ಸಂಚಿಕೆಯಲ್ಲಿ ನಾಡುನುಡಿಗಳ ಹಿರಿಮೆಯನ್ನು ಕೊಂಡಾಡುವುದನ್ನು ಬಿಟ್ಟು ಇಂಗ್ಲಿಷ್ ಕಲಿಕೆಯ ಪ್ರಸ್ತಾಪವನ್ನೆತ್ತಿದರೆ, ಪಾಯಸದಲ್ಲಿ ಕಲ್ಲು ಸಿಕ್ಕಿದವರಂತೆ ಕೆಲವು ಹಿರಿಯರು ಮುಖ ಸಿಂಡರಿಸಿಯಾರೆಂಬುದನ್ನು ಬಲ್ಲೆವು. ಆದರೂ, ಮಕ್ಕಳಿಗೆ ಕನ್ನಡ ಕಲಿಸುವುದು ಹೇಗೆಂದು ವರ್ಷವರ್ಷವೂ ಸಭೆ ಸೇರಿ ಚರ್ಚಿಸುವ ಮೆಲ್ಬರ್ನಿನ ನಮ್ಮ ಬಳಗದಲ್ಲಿ, ಹಗಲೆಲ್ಲ ದುಡಿದು ದಣಿದ ಅದೇ ಮಕ್ಕಳ ತಂದೆತಾಯಿಯರು ನಡುವಯಸ್ಸಿನಲ್ಲಿ ಇಂಗ್ಲಿಷನ್ನು ಮತ್ತೆ ಕಲಿಯಬೇಕಾಗಿ ಬಂದಿರುವ ಕಷ್ಟವನ್ನು ಕುರಿತು ಒಬ್ಬರೂ ಬಾಯಿಬಿಡದಿರುವುದು ವಿಚಿತ್ರವೇ ಸರಿ. ವಿದೇಶ ಸೇರಿದವನಿಗೆ ಇಂಗ್ಲಿಷ್ ನೀರು ಕುಡಿದಷ್ಟು ಸಲೀಸೆಂದು ಊರಿನ ನಂಟರು ನಂಬಿರುತ್ತಾರೆ. ಆ ನಂಬಿಕೆಗೆ ಭಂಗ ಬಾರದಿರಲೆಂದು ನಾವೂ ಸುಮ್ಮನಿರುತ್ತೇವೆ.

ಐದನೆಯ ತರಗತಿಯಲ್ಲಿ ಎ ಬಿ ಸಿ ಡಿ ತಿದ್ದಿ, ವ್ಯಾಕರಣ ಸೂತ್ರಗಳನ್ನು ಕಂಠಪಾಠ ಮಾಡಿ, ಪರೀಕ್ಷೆಗಳನ್ನೆಲ್ಲ ದಾಟಿ, ತಾಂತ್ರಿಕ ವಿದ್ಯೆಯ ದಪ್ಪ ಗ್ರಂಥಗಳನ್ನು ನಿರಾಯಾಸವಾಗಿ ಓದಬಲ್ಲ ಸಾಮರ್ಥ್ಯವನ್ನು ಸಂಪಾದಿಸಿಕೊಂಡು ಇಲ್ಲಿಗೆ ಬಂದಿಳಿದ ಗೃಹಸ್ಥನು, ವಿದ್ಯುತ್ ಕಂಪನಿಯ ನೌಕರನು ಫೋನಿನಲ್ಲಿ ಕೇಳಿದ ಸರಳ ಪ್ರಶ್ನೆಯೊಂದನ್ನು ಮೂರನೆಯ ಸಲ ಹೇಳಿಸಿಕೊಳ್ಳಲು ನಾಚಿ, 'ಎಸ್, ಎಸ್' ಎಂದುಬಿಟ್ಟು, ತಾನು ಒಪ್ಪಿದ್ದು ಯಾವುದಕ್ಕೆಂಬುದನ್ನು ಮುಂದಿನ ಬಿಲ್ಲು ಬಂದಾಗ ತಿಳಿದುಕೊಳ್ಳುವ ಪ್ರಸಂಗವು ನಮ್ಮಲ್ಲಿ ಬಹುಮಂದಿಗೆ ಪರಿಚಿತವಾದುದೇ. ಅಂಗಡಿಯಲ್ಲಿ ಎಂಟು ವರ್ಷದ ಮಗಳು ಎಲ್ಲರೆದುರಿಗೆ ಅಪ್ಪನ ಉಚ್ಚಾರಣೆಯನ್ನು ತಿದ್ದುವುದೂ ಉಂಟು. ಅದನ್ನು ನಗುತ್ತ ಸಹಿಸುವಷ್ಟು ದೊಡ್ಡ ಮನಸ್ಸು ಎಲ್ಲ ಅಪ್ಪಂದಿರಿಗೂ ಇರುವುದಿಲ್ಲ.

ಈ ದೇಶದ ಸರಕಾರವಾದರೋ ವಯಸ್ಕರ ಪಾಡನ್ನು ನಾವು ಬರುವುದಕ್ಕೆ ಮೊದಲೇ ಅರಿತಿತ್ತು. ಎರಡನೆಯ ಮಹಾಯುದ್ಧದಲ್ಲಿ ಮನೆಮಾರು ಕಳೆದುಕೊಂಡ ಯೂರೋಪಿನ ಜನರನ್ನು ಹಡಗುಗಳಲ್ಲಿ ಕರೆತಂದು ಬೊನೆಗಿಲ್ಲಾದಂತಹ ಶಿಬಿರಗಳಲ್ಲಿ ಇಳಿಸಿಕೊಳ್ಳುತ್ತಿದ್ದ ಕಾಲದಲ್ಲಿ, ೧೯೪೮ರಲ್ಲಿ, ಆರಂಭವಾದ ವಯಸ್ಕ ವಲಸಿಗರ ಇಂಗ್ಲಿಷ್ ಶಿಕ್ಷಣ ಯೋಜನೆಯು, ಹಡಗಿನಲ್ಲಿಯೂ ಶಿಬಿರದಲ್ಲಿಯೂ ಪಾಠ ಹೇಳಿ, ದೂರದೂರಗಳಲ್ಲಿ ಕೆಲಸಕ್ಕೆ ನಿಂತವರಿಗೆ ರೇಡಿಯೋ ಮತ್ತು ಅಂಚೆಯ ಮೂಲಕ ಪಾಠಗಳನ್ನು ತಲುಪಿಸಿ, ಎ.ಎಂ.ಇ.ಪಿ. ಎಂಬ ಹೆಸರಿನಿಂದ ಇಂದಿಗೂ ನಡೆದುಬಂದಿದೆ. ತಲೆಗೆ ೫೧೦ ಗಂಟೆಗಳೆಂದಿದ್ದ ಮಿತಿಯನ್ನು ೨೦೨೧ರಲ್ಲಿ ತೆಗೆದುಹಾಕಿದರು, ಶುಲ್ಕವಿಲ್ಲ, ಪಾಠದ ಹೊತ್ತಿನಲ್ಲಿ ಎಳೆಯ ಕೂಸುಗಳನ್ನು ನೋಡಿಕೊಳ್ಳುವ ಏರ್ಪಾಡೂ ಉಂಟು. ಪದವಿಯ ಇಂಗ್ಲಿಷ್ ಇದ್ದವರಿಗೆ ಅಲ್ಲಿ ಪ್ರವೇಶ ಸಿಗಲಾರದೆಂಬುದು ನಿಜ. ಆದರೆ ಪತಿಯ ಅಥವಾ ಪತ್ನಿಯ ವೀಸಾದ ಆಧಾರದಿಂದ ಬಂದು, ಕಾಯಂ ನಿವಾಸದ ಹಕ್ಕನ್ನು ಪಡೆದೂ ಮನೆಯೊಳಗೇ ಉಳಿದವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ! ಅವರಲ್ಲಿ ಈ ತರಗತಿಗಳ ಹೊಸ್ತಿಲು ತುಳಿದವರು ನಾವು ಕಂಡಂತೆ ವಿರಳ.

ಬಿಂಕವನ್ನು ಬದಿಗಿಟ್ಟು ಕಲಿತವರನ್ನು ಕಾಣಬೇಕಾದರೆ ನಮ್ಮ ದಾದಿಯರನ್ನು ಕಾಣಬೇಕು. ಆರೋಗ್ಯ ವೃತ್ತಿಯವರಿಗಾಗಿ ಏರ್ಪಟ್ಟ ಒ.ಇ.ಟಿ. ಪರೀಕ್ಷೆಯಲ್ಲಿ, ರೋಗಿಯ ಪಾತ್ರ ವಹಿಸಿದವರೊಡನೆ ಸುಮಾರು ಐದೈದು ನಿಮಿಷಗಳ ಎರಡು ಸಂಭಾಷಣೆಗಳನ್ನು ನಡೆಸಬೇಕು. ಟಿಪ್ಪಣಿಗಳನ್ನು ಓದಲು ೫ ನಿಮಿಷ, ಬರೆಯಲು ೪೦ ನಿಮಿಷ ಕೊಟ್ಟು, ಸುಮಾರು ಇನ್ನೂರು ಪದಗಳ ಪತ್ರವೊಂದನ್ನು ಬರೆಯಿಸುತ್ತಾರೆ. ಹಾಸನದ ಕಡೆಯ ಸೋದರಿಯೊಬ್ಬರು ಈ ಪರೀಕ್ಷೆಗೆ ಓದುತ್ತಲೇ ವೃದ್ಧಾಶ್ರಮವೊಂದರಲ್ಲಿ ದುಡಿಯುತ್ತಿದ್ದರು. ಪಾಳಿ ಬದಲಾಗುವಾಗ ಒಪ್ಪಿಸಬೇಕಾದ ವರದಿಯನ್ನು, ಇಂಥವರು ಊಟವನ್ನು ಅರ್ಧಕ್ಕೇ ಬಿಟ್ಟರು, ಇಂಥವರ ಎಡಗಾಲು ಊದಿದೆ ಎಂದು ಮೊದಲು ಕನ್ನಡದಲ್ಲಿ ಜೇಬಿನ ಪುಸ್ತಕದೊಳಗೆ ಗುರುತು ಹಾಕಿಕೊಂಡು, ಬಚ್ಚಲುಮನೆಯಲ್ಲಿ ಒಂದಾವೃತ್ತಿ ಇಂಗ್ಲಿಷಿನಲ್ಲಿ ಗೊಣಗಿಕೊಂಡು, ಆಮೇಲೆ ಮುಂದಿನ ಪಾಳಿಯವರೆದುರು ನಿಲ್ಲುತ್ತಿದ್ದರಂತೆ. ಆದರೆ ಆಕೆಗೆ ಗುರುವಾಗಿ ಒದಗಿದವರು ಅಲ್ಲಿಯ ಅಜ್ಜಿಯೊಬ್ಬರು. ಗಿಪ್ಸ್‌ಲ್ಯಾಂಡಿನಲ್ಲಿದ್ದ ತಮ್ಮ ಹೈನುಗಾರಿಕೆಯ ಕಥೆಯನ್ನು, ನಿನ್ನೆ ಹೇಳಿದ್ದು ಇಂದು ಮರೆತುಹೋಗುವ ಕಾರಣದಿಂದ, ಅಜ್ಜಿ ದಿನವೂ ಅದೇ ಮಾತುಗಳಲ್ಲಿ ಹೇಳುವರು. ಮೊದಲ ದಿನ ಹಸುಗಳಷ್ಟೇ ತಿಳಿದ ನಮ್ಮ ಸೋದರಿಗೆ ಬರಬರುತ್ತ ಗಂಡನ ಮುಂಗೋಪವೂ, ನೆರೆ ಬಂದ ವರ್ಷವೂ, ಕೊನೆಗೆ ಅಜ್ಜಿಯ ಹಾಸ್ಯವೂ ತಿಳಿಯಿತು. ಬೇಸರವಿಲ್ಲದೆ ಒಂದೇ ಪಾಠವನ್ನು ಹೀಗೆ ಹೇಳುವ ಉಪಾಧ್ಯಾಯರನ್ನು ಯಾವ ವಿಶ್ವವಿದ್ಯಾಲಯವು ತಾನೇ ಒದಗಿಸೀತು?

ಕನ್ನಡ ಸಂಘಕ್ಕೆ ಈ ಉಸಾಬರಿ ಏಕೆಂದು ಕೇಳುವವರಿಗೆ, ಕನ್ನಡದ ಕಣ್ವರೆನಿಸಿದ ಬಿ. ಎಂ. ಶ್ರೀಕಂಠಯ್ಯನವರು ವೃತ್ತಿಯಿಂದ ಇಂಗ್ಲಿಷ್ ಅಧ್ಯಾಪಕರೆಂದು ನೆನಪಿಸುವುದು ಸುಲಭದ ಉತ್ತರ. ಆದರೆ ಅವರದು ಎಳವೆಯಲ್ಲಿ ಪಡೆದ ವಿದ್ಯೆ, ರಾತ್ರಿಪಾಳಿ ಮುಗಿಸಿ ಬಂದು ಕಲಿತದ್ದಲ್ಲ. ನಮ್ಮ ಉತ್ತರ ಇನ್ನೂ ಸಾಧಾರಣವಾದುದು. ಒಂದು ಮಾತೂ ಇಂಗ್ಲಿಷಿಲ್ಲದೆ ವಾರಾಂತ್ಯವನ್ನು ಕಳೆಯುವ ಸುಖವನ್ನು ಸಂಘವು ಕೊಡುತ್ತದಷ್ಟೆ. ಆ ಸುಖದ ಮರೆಯಲ್ಲಿ ಸೋಮವಾರದ ಭಯವನ್ನು ವರ್ಷಗಟ್ಟಲೆ ಮುಂದೂಡಿದವರಿದ್ದಾರೆ. ಭಾನುವಾರದ ಕನ್ನಡ ಶಾಲೆಯ ಹೊರಗೆ, ಮಕ್ಕಳ ಪಾಠ ಮುಗಿಯುವವರೆಗೆ ತಂದೆತಾಯಿಯರು ಕಾರುಗಳಲ್ಲಿ ಕಾದು ಕುಳಿತಿರುತ್ತಾರೆ. ಪಕ್ಕದ ಕೊಠಡಿ ಖಾಲಿಯಿರುತ್ತದೆ. ನಿವೃತ್ತ ಉಪಾಧ್ಯಾಯರು ನಮ್ಮ ಸದಸ್ಯರಲ್ಲೇ ಇದ್ದಾರೆ. ಫೋನಿನಲ್ಲಿ ಮಾತಾಡುವುದು, ವೈದ್ಯರಿಗೆ ನೋವನ್ನು ವಿವರಿಸುವುದು, ಮೇಲಧಿಕಾರಿಗೆ 'ಆಗುವುದಿಲ್ಲ' ಎಂದು ಮರ್ಯಾದೆಯಿಂದ ಹೇಳುವುದು ಇಷ್ಟರಿಂದಲೇ ಆರಂಭಿಸಬಹುದು. ಕಲಿಸಲು ಒಪ್ಪುವವರು ಕಾರ್ಯದರ್ಶಿಗಳಿಗೆ ಹೆಸರು ಕೊಡಬೇಕೆಂದು ಕೋರುತ್ತೇವೆ. ಕಲಿಯುವವರು ಹೆಸರು ಕೊಡಬೇಕಾಗಿಲ್ಲ, ಬಂದು ಕುಳಿತರೆ ಸಾಕು.