ಪೆಟ್ಟು ಬೀಳುವುದು ವೈದ್ಯರ ಮೇಲಷ್ಟೇ ಅಲ್ಲ

ತರೀಕೆರೆಯಲ್ಲಿ 2021ರ ಮೇ 31ರಂದು ಮಕ್ಕಳ ವೈದ್ಯರೊಬ್ಬರು ಮನೆಗೆ ಮರಳುತ್ತಿದ್ದಾಗ ಅವರ ಮೇಲೆ ಮಚ್ಚು ಬೀಸಲಾಯಿತು. ಅವರಲ್ಲಿ ಡೆಂಗಿಗೆ ಚಿಕಿತ್ಸೆ ಪಡೆದಿದ್ದ ಮಗು ಮುಂದೆ ಶಿವಮೊಗ್ಗದಲ್ಲಿ ತೀರಿಕೊಂಡಿದ್ದೇ ಆ ಸಿಟ್ಟಿಗೆ ಕಾರಣ ಎಂದು ಆಗ ವರದಿಯಾಗಿತ್ತು. ವೈದ್ಯರು ಬದುಕುಳಿದರು, ಆರೋಪಿಗಳ ಬಂಧನವಾಯಿತು, ವೈದ್ಯ ಸಂಘದವರು ಪ್ರತಿಭಟಿಸಿದರು. ಅಲ್ಲಿಗೆ ಸುದ್ದಿ ತಣ್ಣಗಾಯಿತು. ಪಕ್ಕದ ನರಸಿಂಹರಾಜಪುರ, ಅದರಾಚೆಯ ಕೊಪ್ಪ ಮತ್ತು ಶೃಂಗೇರಿಯವರು ಇದನ್ನು ಇನ್ನೊಂದು ಊರಿನ ಅಪರಾಧ ಎಂದು ಓದಿ ಮರೆಯುವಂತಿಲ್ಲ. ಇಂಥ ಹಲ್ಲೆಯನ್ನು ನಾವು ವೈದ್ಯರ ರಕ್ಷಣೆಯ ವಿಷಯವೆಂದೇ ಚರ್ಚಿಸುತ್ತೇವೆ. ಈ ಮೂರು ತಾಲ್ಲೂಕುಗಳ ಮಟ್ಟಿಗೆ ಅದು ಅದಕ್ಕಿಂತ ಹೆಚ್ಚಾಗಿ ಮುಂದಿನ ರೋಗಿಯ ಜೀವದ ವಿಷಯ.

ಇಲ್ಲಿನ ಭೂಗೋಳವನ್ನು ನೋಡಿದರೆ ಕಾರಣ ಗೊತ್ತಾಗುತ್ತದೆ. ತಾಲ್ಲೂಕು ಆಸ್ಪತ್ರೆಯ ಕೈಮೀರಿದ ರೋಗಿಯನ್ನು ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಮಂಗಳೂರಿಗೋ ಒಯ್ಯಬೇಕು. ಶೃಂಗೇರಿಯಿಂದ ಮಣಿಪಾಲಕ್ಕೆ ಸಾಮಾನ್ಯವಾಗಿ ಆಗುಂಬೆ ಘಾಟಿ ಇಳಿಯಬೇಕು, ಮಳೆಗಾಲದಲ್ಲಿ ಆ ದಾರಿಯ ಭರವಸೆ ಇಲ್ಲ. ಹಾವು ಕಚ್ಚಿದವರಿಗೆ ಮೊದಲ ಪ್ರತಿವಿಷ, ಹೆರಿಗೆಯ ನಂತರ ನಿಲ್ಲದ ರಕ್ತಸ್ರಾವಕ್ಕೆ ಮೊದಲ ಚಿಕಿತ್ಸೆ, ಮಂಗನ ಕಾಯಿಲೆಯ ಜ್ವರವನ್ನು ಬೇಗ ಗುರುತಿಸುವುದು, ಇವೆಲ್ಲ ಊರಿನ ಆಸ್ಪತ್ರೆಯಲ್ಲೇ ಆಗಬೇಕಾದ ಕೆಲಸಗಳು. ರಾತ್ರಿ ಪಾಳಿಯ ಡಾಕ್ಟರರ ಮುಂದೆ ಆಗ ಎರಡು ದಾರಿಗಳಿರುತ್ತವೆ: ತಮಗೆ ಗೊತ್ತಿರುವಷ್ಟನ್ನು ಧೈರ್ಯವಾಗಿ ಮಾಡಿ ಕಳಿಸುವುದು, ಅಥವಾ ಕೈಹಚ್ಚದೆ ಬೇರೆ ಆಸ್ಪತ್ರೆಗೆ ಚೀಟಿ ಬರೆದುಕೊಡುವುದು. ಕೈಹಚ್ಚಿದ ಮೇಲೆ ರೋಗಿ ಸತ್ತರೆ ಏಟು ಬೀಳುತ್ತದೆ ಎಂಬ ಹೆದರಿಕೆ ಹುಟ್ಟಿದ ದಿನ ಎರಡನೆಯ ದಾರಿಯೇ ಸಲೀಸು. ಆ್ಯಂಬುಲೆನ್ಸ್‌ನಲ್ಲಿ, ತಿರುವಿನ ರಸ್ತೆಯಲ್ಲಿ ಆದ ಸಾವಿಗೆ ಯಾರ ಕೊರಳಪಟ್ಟಿ ಹಿಡಿಯುವುದು? ಗುಂಪು ಗಲಾಟೆ ಮಾಡಿ ಹೋದ ಆಸ್ಪತ್ರೆಗೆ ತಜ್ಞರು ಬರಲು ಒಪ್ಪದಿರುವುದು, ಇದ್ದವರು ವರ್ಗಾವಣೆ ಕೇಳುವುದು ನಂತರದ ಮಾತು. ಹೆದರಿದ ವೈದ್ಯರು ಊರಿನಲ್ಲೇ ಉಳಿದರೂ ರೋಗಿಗೆ ನಷ್ಟ ತಪ್ಪುವುದಿಲ್ಲ.

ಕಾನೂನಿಗೆ ಕೊರತೆಯಿಲ್ಲ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆಯನ್ನು ತಡೆಯಲು ಕರ್ನಾಟಕ 2009ರಲ್ಲೇ ಪ್ರತ್ಯೇಕ ಕಾಯ್ದೆ ಮಾಡಿತು: ಆಗ ಇಟ್ಟ ಶಿಕ್ಷೆ ಮೂರು ವರ್ಷದವರೆಗೆ ಜೈಲು, ಐವತ್ತು ಸಾವಿರ ರೂಪಾಯಿವರೆಗೆ ದಂಡ; ಅಪರಾಧ ಜಾಮೀನು ರಹಿತ. ಕೋವಿಡ್ ಕಾಲದಲ್ಲಿ ಕೇಂದ್ರವು ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನು ತಿದ್ದಿ, ತೀವ್ರ ಗಾಯವಾದರೆ ಏಳು ವರ್ಷದವರೆಗೆ ಶಿಕ್ಷೆ ಇಟ್ಟಿತು. ಕೋಲ್ಕತ್ತದ ಆರ್‌.ಜಿ. ಕರ್ ಆಸ್ಪತ್ರೆಯಲ್ಲಿ ನಡೆದ ವೈದ್ಯೆಯ ಅತ್ಯಾಚಾರ, ಕೊಲೆಯ ಬಳಿಕ, 2024ರ ಆಗಸ್ಟ್‌ನಲ್ಲಿ, ಹಲ್ಲೆಯಾದ ಆರು ಗಂಟೆಯೊಳಗೆ ಸಂಸ್ಥೆಯ ಮುಖ್ಯಸ್ಥರೇ ದೂರು ದಾಖಲಿಸಬೇಕೆಂದು ಕೇಂದ್ರ ಆರೋಗ್ಯ ಇಲಾಖೆ ಸೂಚಿಸಿತು. ಈ ಕೊನೆಯದು ಸಣ್ಣ ವಿಷಯದಂತೆ ಕಂಡರೂ ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯ. ಸಣ್ಣ ಊರಿನಲ್ಲಿ ಹೊಡೆದವರೂ ಹೊಡೆಸಿಕೊಂಡವರೂ ಮರುದಿನ ಅದೇ ಬಸ್‌ಸ್ಟ್ಯಾಂಡಿನಲ್ಲಿ ಎದುರಾಗುತ್ತಾರೆ. ನರ್ಸ್ ಒಬ್ಬರೇ ಹೋಗಿ ದೂರು ಕೊಟ್ಟರೆ ಸಂಜೆಯೊಳಗೆ ರಾಜಿಯ ಮಾತು ಶುರುವಾಗುತ್ತದೆ. ದೂರುದಾರರು ಇಲಾಖೆಯೇ ಆದರೆ ಅದು ಅಷ್ಟು ಸುಲಭವಲ್ಲ.

‘ವೈದ್ಯರ ತಪ್ಪೇ ಇರುವುದಿಲ್ಲವೇ?’ ಎಂಬ ಆಕ್ಷೇಪವನ್ನು ತಳ್ಳಿಹಾಕಬಾರದು. ತಪ್ಪು ಇರುತ್ತದೆ, ಕೆಲವೊಮ್ಮೆ ಘೋರವಾದ ತಪ್ಪೇ ಇರುತ್ತದೆ. 2019ರಲ್ಲಿ ಬೆಂಗಳೂರಿನ ಮಿಂಟೊ ಆಸ್ಪತ್ರೆಯಲ್ಲಿ ಪೊರೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಹಲವರು ದೃಷ್ಟಿ ಕಳೆದುಕೊಂಡರು. ಅವರ ನೋವು ಸುಳ್ಳಲ್ಲ. ಆದರೆ ನವೆಂಬರ್‌ನಲ್ಲಿ ಸಂಘಟನೆಯೊಂದರ ಕಾರ್ಯಕರ್ತರು ನುಗ್ಗಿದಾಗ ಅದನ್ನು ಅನುಭವಿಸಿದವರು ಕರ್ತವ್ಯದಲ್ಲಿದ್ದ ಕಿರಿಯ ವೈದ್ಯರು. ಮರುವಾರ ರಾಜ್ಯದಾದ್ಯಂತ ಹೊರರೋಗಿ ವಿಭಾಗಗಳು ಬಾಗಿಲು ಹಾಕಿದಾಗ ಅನುಭವಿಸಿದವರು ಬಡ ರೋಗಿಗಳು. ಕಣ್ಣು ಕಳೆದುಕೊಂಡವರಿಗೆ ಈ ಗಲಾಟೆಯಿಂದ ಏನು ಸಿಕ್ಕಿತು?

ಹಾಗಾದರೆ ನೊಂದವರು ಎಲ್ಲಿಗೆ ಹೋಗಬೇಕು? ಇಲ್ಲಿ ನಮ್ಮ ವ್ಯವಸ್ಥೆ ನಿಜಕ್ಕೂ ಸೋತಿದೆ. ಹಣ ಕೊಟ್ಟು ಪಡೆದ ಚಿಕಿತ್ಸೆಯನ್ನು ಗ್ರಾಹಕ ಕಾನೂನಿನಡಿ ತಂದ 1995ರ ಸುಪ್ರೀಂ ಕೋರ್ಟ್ ತೀರ್ಪು, ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆಗಳನ್ನು ಹೊರಗಿಟ್ಟಿತು. ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ (ಕೆಪಿಎಂಇ) ಅನ್ವಯಿಸುವುದು ಖಾಸಗಿಯವರಿಗೆ ಮಾತ್ರ. ಉಳಿದದ್ದು ಮುಖ್ಯವಾಗಿ ವೈದ್ಯಕೀಯ ಪರಿಷತ್ತು. ಅದು ಸುಮಾರು ಮುನ್ನೂರು ಕಿಲೋಮೀಟರ್ ಆಚೆ, ಬೆಂಗಳೂರಿನಲ್ಲಿದೆ. ಅಡಿಕೆ ತೋಟದ ಕೂಲಿಯ ಕುಟುಂಬ ಸರ್ಕಾರಿ ಆಸ್ಪತ್ರೆಯಲ್ಲಿ ಮಗುವನ್ನು ಕಳೆದುಕೊಂಡರೆ ‘ಏನಾಯಿತು’ ಎಂದು ಕೇಳಲು ಅದಕ್ಕೆ ಹತ್ತಿರದಲ್ಲಿ ಜಾಗವೇ ಇಲ್ಲ. ಇದು ಕೈ ಎತ್ತಲು ಸಮರ್ಥನೆಯಲ್ಲ. ಆದರೆ ಸಾವಿನ ಕಾರಣವನ್ನು ಯಾರೂ ಬಿಡಿಸಿ ಹೇಳದಿದ್ದಾಗ ಆಸ್ಪತ್ರೆಯ ಅಂಗಳದಲ್ಲಿ ಸೇರಿದ ಗುಂಪೇ ಕಾರಣವನ್ನು ತೀರ್ಮಾನಿಸುತ್ತದೆ ಎಂಬುದೂ ಅಷ್ಟೇ ನಿಜ.

ಭದ್ರತಾ ಸಿಬ್ಬಂದಿ, ಕ್ಯಾಮೆರಾ ಸಾಕು ಎನ್ನುವವರಿದ್ದಾರೆ. ಬೇಡವೆನ್ನುವುದಿಲ್ಲ, ಆದರೆ ಅರಿವಳಿಕೆ ತಜ್ಞರ ಹುದ್ದೆ ಖಾಲಿಯಿರುವಲ್ಲಿ ಹುಟ್ಟುವ ಸಿಟ್ಟನ್ನು ಕ್ಯಾಮೆರಾ ಇಳಿಸಲಾರದು. ಆ ಹುದ್ದೆ ಖಾಲಿ ಬಿಟ್ಟವರು ರಾತ್ರಿ ಪಾಳಿಯಲ್ಲಿ ಇರುವುದಿಲ್ಲ. ಪೆಟ್ಟು ತಿನ್ನುವವರು ಬೇರೆ. ಕ್ಯಾಮೆರಾಗಿಂತ ಮೊದಲು ಬೇಕಾದದ್ದು ನೊಂದವರಿಗೆ ಉತ್ತರ. ಆಸ್ಪತ್ರೆಯಲ್ಲಿ ಅನಿರೀಕ್ಷಿತ ಸಾವಾದರೆ ವಾರದೊಳಗೆ ತಾಲ್ಲೂಕಿನಲ್ಲೇ, ಹೊರಗಿನ ವೈದ್ಯರೊಬ್ಬರ ಸಮ್ಮುಖದಲ್ಲಿ, ಕುಟುಂಬದವರನ್ನು ಕೂರಿಸಿಕೊಂಡು ವಿಚಾರಣೆ ನಡೆಯಲಿ; ತೀರ್ಮಾನವನ್ನು ಕನ್ನಡದಲ್ಲಿ ಬರೆದು ಅವರ ಕೈಗೆ ಕೊಡಲಿ. ಬೇರೆ ಆಸ್ಪತ್ರೆಗೆ ಕಳಿಸುವಾಗ ಏಕೆ ಕಳಿಸುತ್ತಿದ್ದೇವೆ, ಇಲ್ಲಿ ಏನು ಮಾಡಿದ್ದೇವೆ ಎಂಬುದು ಚೀಟಿಯಲ್ಲಿರಲಿ. ಇದಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಮೂರೂ ತಾಲ್ಲೂಕುಗಳು ಒಂದೇ ಶೃಂಗೇರಿ ವಿಧಾನಸಭಾ ಕ್ಷೇತ್ರದಲ್ಲಿವೆ, ಆದ್ದರಿಂದ ಕೇಳಬೇಕಾದವರು ಯಾರು ಎಂಬ ಗೊಂದಲವೂ ಇಲ್ಲ. ಶವ ಇಟ್ಟು ಧರಣಿ ಕೂತಲ್ಲಿಗೆ ಬಂದು ವೈದ್ಯರನ್ನು ಗದರಿಸುವ ಮುಖಂಡರನ್ನು, ಖಾಲಿ ಹುದ್ದೆ ತುಂಬಿಸಲು ಏನು ಮಾಡಿದಿರಿ ಎಂದು ಮತದಾರರು ಅಲ್ಲಿಯೇ ಕೇಳಲಿ. ಹಲ್ಲೆಯ ಪ್ರಕರಣ ವಾಪಸ್ ತೆಗೆಸಲು ಓಡಾಡುವವರಿಗೂ ಅಷ್ಟೇ ಖಡಾಖಂಡಿತವಾಗಿ ಬೇಡ ಎನ್ನಲಿ.