ಭದ್ರಾವತಿಯ ಕಾರ್ಖಾನೆಯೂ ಸೀಮೆಯ ಏಳ್ಗೆಯೂ

ಒಂದು ಸೀಮೆಯ ದಾರಿದ್ರ್ಯವು ನೀಗಬೇಕಾದರೆ ಅಲ್ಲಿ ದೊಡ್ಡದೊಂದು ಕಾರ್ಖಾನೆಯನ್ನು ಸ್ಥಾಪಿಸಿದರೆ ಸಾಕೆಂಬ ನಂಬಿಕೆಯು ನಮ್ಮವರಲ್ಲಿ ಬಹುಕಾಲದಿಂದ ಬೇರೂರಿರುತ್ತದೆ. ಇದು ಎಷ್ಟರ ಮಟ್ಟಿಗೆ ದಿಟವೆಂಬುದಕ್ಕೆ ಭದ್ರಾವತಿಗಿಂತ ಒಳ್ಳೆಯ ಸಾಕ್ಷಿ ಕರ್ನಾಟಕದಲ್ಲಿ ಬೇರೆ ದೊರೆಯಲಾರದು.

ಹಿಂದೆ ಬೆಂಕಿಪುರವೆನಿಸಿದ್ದ ಆ ಊರಿನಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಕೆಲಸಕ್ಕಾರಂಭಿಸಿತು. ಕಲ್ಲಿದ್ದಲು ದೊರೆಯದ ನಾಡಿನಲ್ಲಿ ಮಲೆನಾಡಿನ ಕಟ್ಟಿಗೆಯ ಇದ್ದಿಲಿನಿಂದಲೇ ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸುವುದೆಂಬ ಸಾಹಸವು ಸಾಮಾನ್ಯವಾದುದಲ್ಲ. ಮಹಾಯುದ್ಧವು ಮುಗಿದೊಡನೆ ಕಬ್ಬಿಣದ ಬೆಲೆಯು ಕುಸಿದು, ಸಂಸ್ಥಾನದ ಹಣವೆಲ್ಲ ಕುಲುಮೆಗೆ ಬಿತ್ತೆಂದು ಹಲವರು ಗೊಣಗಿದಾಗ ಸರ್ ಎಂ. ವಿಶ್ವೇಶ್ವರಯ್ಯನವರು ಆಡಳಿತವನ್ನು ತಾವೇ ವಹಿಸಿಕೊಂಡು ಅದನ್ನು ಉಳಿಸಿದರು. 1936ರಲ್ಲಿ ಕಾಗದದ ಕಾರ್ಖಾನೆಯೂ ಅಲ್ಲಿ ಸ್ಥಾಪಿತವಾಯಿತು. ಸಾವಿರಾರು ಸಂಸಾರಗಳು ಇವೆರಡರ ಅನ್ನವನ್ನು ಉಂಡವು.

ಆದರೆ ಅದಿರು, ಕಟ್ಟಿಗೆ, ಮನೆ, ಆಸ್ಪತ್ರೆ ಎಲ್ಲವೂ ಕಾರ್ಖಾನೆಯದೇ. ಊರಿಗೆ ಅದರ ಹೊರತು ಎರಡನೆಯ ಆಧಾರವು ಬೆಳೆಯಲಿಲ್ಲ. 1989ರಲ್ಲಿ ಉಕ್ಕಿನ ಕಾರ್ಖಾನೆಯು ಭಾರತೀಯ ಉಕ್ಕು ಪ್ರಾಧಿಕಾರದವರ ಕೈಸೇರಿತು. ಅದಿರಿನ ಬೆಟ್ಟಗಳ ಮಗ್ಗುಲಲ್ಲಿಯೇ ಇದ್ದರೂ ತನ್ನದೆನ್ನುವ ಗಣಿಯಿಲ್ಲದೆ ಅದು ಸೊರಗಿದ್ದು ವಿಪರ್ಯಾಸವೇ ಸರಿ. ಮಾರಲು ಹೊರಟರೆ ಕೊಳ್ಳುವವರು ಮುಂದೆ ಬರಲಿಲ್ಲ. 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನವಾಯಿತು. ಗುತ್ತಿಗೆ ಕಾರ್ಮಿಕರು ಬೀದಿಗಿಳಿದರು. ಅದೇ ಆಗಸ್ಟಿನಲ್ಲಿ ಕೆಲಸವು ಅಷ್ಟಿಷ್ಟು ಮರಳಿ ಮೊದಲಾಯಿತು. ಕಾಗದದ ಕಾರ್ಖಾನೆಯಂತೂ ಅದಕ್ಕೆ ಮುಂಚೆಯೇ ನಿಂತಿತ್ತು.

ಇದನ್ನು ಬೆಂಗಳೂರಿನೊಡನೆ ಹೋಲಿಸಿ ನೋಡಬೇಕು. ಅಲ್ಲಿ 1953ರಲ್ಲಿ ಹುಟ್ಟಿದ ಎಚ್.ಎಂ.ಟಿ. ಸಂಸ್ಥೆಗೂ ದುರ್ದಿನಗಳು ಬಂದವು. ಅದರ ಕೈಗಡಿಯಾರ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರಕಾರವೇ ಒಪ್ಪಿತು. ಹಾಗಿದ್ದರೂ ಯಂತ್ರಗಳ ಕೆಲಸವನ್ನು ಕಲಿತ ಕೈಗಳು ಪೀಣ್ಯದ ಸಣ್ಣ ಸಣ್ಣ ಕಾರ್ಖಾನೆಗಳಲ್ಲಿ ನೆಲೆ ಕಂಡುವು. ರಾಜಧಾನಿಯೆಂಬ ಭಾಗ್ಯವೂ, 1909ರಿಂದ ಇರುವ ವಿಜ್ಞಾನ ಮಂದಿರವೂ ಅದಕ್ಕೆ ಒದಗಿದ್ದುವೆಂಬುದನ್ನು ನಾವು ಮರೆತಿಲ್ಲ. ಆದರೂ ಒಂದು ಕಡೆ ಯಜಮಾನನು ಬಡವಾದರೂ ಕಸಬು ಉಳಿಯಿತು, ಇನ್ನೊಂದು ಕಡೆ ಯಜಮಾನನೊಡನೆ ಪೇಟೆಯೂ ಬಾಡಿತು.

ಜಿಲ್ಲೆಗಳಿಗೆ ಬಂಡವಾಳವನ್ನು ಕರೆತರುವುದಕ್ಕಾಗಿ ಸರಕಾರದವರು ಭೂಮಿಯನ್ನೂ ತೆರಿಗೆಯ ರಿಯಾಯಿತಿಯನ್ನೂ ಕೊಡುತ್ತಲಿದ್ದಾರೆ. ಕೊಡಲಿ, ನಮ್ಮ ಆಕ್ಷೇಪಣೆಯಿಲ್ಲ. ಆದರೆ ಎಷ್ಟು ಕೋಟಿ ಬಂದಿತೆಂದು ಸಾರುವ ಅಧಿಕಾರಿಗಳು, ಬಿಡಿಭಾಗಗಳಲ್ಲಿ ಎಷ್ಟನ್ನು ಆ ಜಿಲ್ಲೆಯಲ್ಲಿಯೇ ಮಾಡಿಸಬೇಕು, ಆ ತಾಲ್ಲೂಕಿನ ಎಷ್ಟು ಹುಡುಗ ಹುಡುಗಿಯರಿಗೆ ಕಸಬು ಕಲಿಸಬೇಕು ಎಂಬುದನ್ನು ಕರಾರಿನಲ್ಲಿಯೇ ಬರೆಯಿಸಿಕೊಳ್ಳತಕ್ಕದ್ದು. ಭದ್ರಾವತಿಯ ಮಟ್ಟಿಗೆ ಮೊದಲು ಆಗಬೇಕಾದುದು ಗಣಿಯ ತೀರ್ಮಾನ. ಅದಾಗದೆ ಪುನರುಜ್ಜೀವನದ ಭರವಸೆಗಳನ್ನು ಆ ಊರಿನವರು ಹೇಗೆ ನಂಬಬೇಕೋ ನಾವರಿಯೆವು.